ಒಡಹುಟ್ಟಿದವರ ಹಗ್ಗ

“ಎಳೀಬ್ಯಾಡ ಬೋಸುಡಿ! ಎಳದಿ ಅಂದ್ರ ತಮ್ಮನ ಜೋಡಿ ನಿನ್ನೂ ಬಾವಿಗೆ ದಬ್ಬತೀನಿ!”

ಒಡೆಯ ಮೌಲಾಯ್ ತುಹಾಮಿ ಹಗ್ಗದ ಮೇಲೆ ಕಾಲಿಟ್ಟು ನಿಂತಿದ್ದ. ಅದರ ಒಂದು ತುದಿ ಬಾವಿಯ ತಳದಲ್ಲಿ ಫರಾಜಿಯ ಸೊಂಟಕ್ಕಿತ್ತು. ಇನ್ನೊಂದು, ಖರ್ಜೂರದ ಗೂಟಕ್ಕೆ ಸುತ್ತು ಹಾಕಿ, ಅವನ ಅಕ್ಕ ಮರ್ಜೂಗಾಳ ಕೈಯಲ್ಲಿ. ಬಾವಿ ತೋಡುವವನ ಹಗ್ಗವನ್ನು ಒಡಹುಟ್ಟಿದವರಲ್ಲದೆ ಬೇರೆಯವರು ಮುಟ್ಟುವುದಿಲ್ಲ. ಗುಲಾಮರಾಗಿದ್ದ ಕಾಲದಿಂದ ಬಾವಿ ತೋಡುವ ಹರಾತೀನ ಕುಲದವರ ಕೇರಿಯಲ್ಲಿ ನಡೆದು ಬಂದ ಕಟ್ಟಳೆ ಅದು.

ಸುತ್ತ ಮರುಭೂಮಿ, ಕಣ್ಣು ಹಾಯುವಷ್ಟೂ ಉಪ್ಪು. ಅಲ್ಲಿದ್ದ ಕೆರೆ ಸತ್ತು ಎಷ್ಟು ತಲೆಮಾರಾಯಿತೋ.

ಹಗ್ಗ ಎರಡು ಸಲ ಜಗ್ಗಿತ್ತು. ಎರಡು ಸಲವೆಂದರೆ ‘ಎಳೆ’ ಎಂದು.

“ಒಡೆಯಾ, ಕರೀಲಿಕ್ಹತ್ಯಾನ. ಕೆಳಗಿನ ನೀರಿಗೆ ತಳ ಉಬ್ಬಿರಬೇಕು. ಕಾಲು ತಗೀರಿ, ನಿಮ್ಮ ಕಾಲಿಗೆ ಬೀಳ್ತೀನಿ.”

“ಕಡೀ ಚಪ್ಪಡಿ ಒಡದು ಬರಲಿ. ಅದರ ಕೆಳಗ ಹಳೇ ಕೆರೀ ನೀರು ಐತಿ ಅಂತ ಯಂತ್ರ ತಂದು ನೆಲ ನೋಡಿದವ್ರು ಹೇಳ್ಯಾರ. ಕರೀ ನಾಯಿಗೋಳು, ನೀರು ಹತ್ರ ಬಂತಂದ್ರ ನಡಗತೀರಿ!”

ಮುಂಜಾನೆ ಬುಟ್ಟಿಯಲ್ಲಿ ಮಣ್ಣಿನ ಜತೆ ಬಸವನಹುಳದ ಚಿಪ್ಪುಗಳು ಬಂದಿದ್ದವು. “ಅಕ್ಕಾ, ಮೀನಿನ ಮನಿಗೆ ಬಂದೀನಿ, ಸಾರಿಗೆ ಇಡು!” ಎಂದು ಫರಾಜಿ ಒಳಗಿನಿಂದ ಕೂಗಿ ನಕ್ಕಿದ್ದ. ನೀರು ಬಿದ್ದರೆ ವಾರಕ್ಕೊಂದು ಸರದಿ ನೀರು ನಿಮ್ಮದು ಎಂದು ಒಡೆಯ ಮಾತು ಕೊಟ್ಟಿದ್ದ. ಊರಿನ ಬಾವಿಗಳನ್ನೆಲ್ಲ ತೋಡಿದವರು ಹರಾತೀನರೇ. ಅವರ ಕೇರಿಯಲ್ಲಿ ಯಾರಿಗೂ ಸ್ವಂತದ ಒಂದು ಸರದಿ ನೀರಿರಲಿಲ್ಲ.

ಕೆಳಗೆ ಗುಡುಗಿದಂತಾಯಿತು. ಒಡೆಯ ಬೆದರಿ ಕಾಲು ತೆಗೆದ. ಮರ್ಜೂಗಾ ಮೈಭಾರವೆಲ್ಲ ಹಾಕಿ ಎಳೆದಳು. ಹಗ್ಗ ಬಂಡೆಗೆ ಕಟ್ಟಿದಂತಿತ್ತು. ನೊರೆ, ಕೆಸರು, ಮರಳು ಉಕ್ಕಿ ಮೇಲೇರಿದವು. ಹಗ್ಗ ಮತ್ತೆ ಜಗ್ಗಲಿಲ್ಲ.

ನೀರು ಬಾಯಿಮಟ್ಟಕ್ಕೆ ಬಂದು ತಿಳಿಯಾಗುವವರೆಗೂ ಅವಳು ಹಿಡಿದೇ ಕೂತಿದ್ದಳು. ಒಡೆಯ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡ.

“ಸಿಹಿ! ಅಲ್ಲಾನ ದಯಾ! ಲಗೂನ ಎಳಿಯೇ ಅವನ್ನ. ಹೆಣ ಕೂತ ಬಾವೀ ನೀರು ಯಾವನೂ ಮುಟ್ಟೂದಿಲ್ಲ.”

“ನಮ್ಮ ಸರದಿ, ಒಡೆಯಾ?”

“ಮ್ಯಾಲೆ ಬಂದವಗ ಸರದಿ. ಅಂವ ಎಲ್ಲಿ ಬಂದ?”

ಮರ್ಜೂಗಾ ಹೌದೆಂಬಂತೆ ತಲೆಯಾಡಿಸಿದಳು. ಗೂಟದ ಸುತ್ತುಗಳನ್ನು ನಿಧಾನವಾಗಿ ಬಿಚ್ಚತೊಡಗಿದಳು.

“ಏನ್ ಮಾಡ್ತೀ? ಏ, ಹಿಡೀರಲೇ, ಹಗ್ಗ ಹಿಡೀರಿ!”

ಮಣ್ಣು ಹೊರುವ ಆಳುಗಳೆಲ್ಲ ಅವಳ ಕೇರಿಯವರೇ. ಒಬ್ಬೊಬ್ಬರಾಗಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

ಅವಳು ಅಂಗೈ ತೆರೆದಳು. ಸುಲಿದ ಚರ್ಮದ ಮೇಲಿಂದ ಹಗ್ಗ ಜಾರಿ ಹೋಯಿತು. ಅದರ ತುದಿ ನೀರ ಮೇಲೆ ಚಣಹೊತ್ತು ಸುತ್ತು ತಿರುಗಿತು. ಆಮೇಲೆ ಅದೂ ಇಳಿಯಿತು.