ಕೂಡಿಕೊಂಡ ಹಣ್ಣು

ನಮ್ಮ ಬಚ್ಚಲ ಹಿಂದೆ ತಾನಾಗೇ ಹುಟ್ಟಿದ ಟೊಮೇಟೊ ಗಿಡವನ್ನು ಕಿತ್ತು ಹಾಕಬೇಕೆಂದು ನನ್ನ ಗಂಡನ ಅಕ್ಕ ಹೊಂಬಾಳಮ್ಮ ಹಟ ಹಿಡಿದರು. ನಾನು ಕೀಳುವುದಿಲ್ಲ ಅಂದೆ. ಅಷ್ಟಕ್ಕೇ ಊರೆಲ್ಲ ನನ್ನನ್ನು ಬಜಾರಿ ಅಂದಿತು. ಅನ್ನಲಿ, ನನಗೇನು.

ಎಪ್ಪತ್ತೆಂಟನೇ ಇಸವಿಯ ಮಾತು ಇದು. ದಬ್ಬೇಘಟ್ಟದ ಹತ್ತಿರ ನಮ್ಮ ತೆಂಗಿನ ತೋಟ, ತೋಟದ ಅಂಚಿಗೆ ಮನೆ, ಅಟ್ಟದ ತುಂಬ ಕೊಬ್ಬರಿಗೆಂದು ಹಾಕಿದ ಕಾಯಿ. ಆ ಗಿಡವನ್ನು ಯಾರೂ ನೆಟ್ಟಿರಲಿಲ್ಲ. ಪಾತ್ರೆ ತೊಳೆದ ನೀರಿನ ಜೊತೆ ಹೋದ ಬೀಜ, ಬಚ್ಚಲ ನೀರು ಕುಡಿದು ಸೊಂಟದೆತ್ತರ ಬೆಳೆದಿತ್ತು. ಅದರ ಮೊದಲ ಹೂವೇ ವಿಚಿತ್ರ. ಟೊಮೇಟೊ ಹೂ ಅಂದರೆ ಮೂಗುಬೊಟ್ಟಿನಷ್ಟು ಇರುತ್ತದಲ್ಲ, ಇದು ಚೆಂಡುಹೂವಿನಷ್ಟು ದಪ್ಪ, ಎಸಳ ಮೇಲೆ ಎಸಳು, ತೊಟ್ಟು ಚಪ್ಪಟೆ. ಹೂ ಉದುರಿ ಕಾಯಿ ಕಚ್ಚಿದ ಮೇಲೆ ನೋಡಿದರೆ, ಮೂರು ಕಾಯಿ ಒಂದಕ್ಕೊಂದು ಮೆತ್ತಿಕೊಂಡು ಒಂದೇ ಆಗಿದ್ದವು. ಸಾಲದ್ದಕ್ಕೆ ಪಕ್ಕದಲ್ಲೊಂದು ಮೂಗು ಬೇರೆ! ನನಗೆ ನಗು ಬಂತು. ನನ್ನ ಸೊಸೆ ಮೀನಾಕ್ಷಿಗೆ ನಗು ಬರಲಿಲ್ಲ, ಯಾಕೆಂದರೆ ಅವಳು ಆಗ ತುಂಬು ಬಸುರಿ.

ಮೀನಾಕ್ಷಿಯ ಮೊದಲ ಮಗು ಗಂಡು, ತವರಿನಲ್ಲಿ ಹುಟ್ಟುವಾಗಲೇ ಹೋಗಿತ್ತು. ಅವಳು ಹುಣಸೆಮರದ ಕೆಳಗೆ ಓಡಾಡಿದ್ದಕ್ಕೇ ಹಾಗಾಯಿತೆಂದು ಹೊಂಬಾಳಮ್ಮ ತೀರ್ಪು ಕೊಟ್ಟಿದ್ದರು. ಗಂಡ ಸತ್ತ ಮೇಲೆ ತವರು ಸೇರಿದ್ದ ಆಯಮ್ಮನಿಗೆ ನನ್ನ ಯಜಮಾನರು ಸಾಯುವತನಕ ಎದುರಾಡಲಿಲ್ಲ, ನನ್ನ ಮಗ ಈರಣ್ಣನೂ ಅದೇ ಅಚ್ಚು. ಈ ಸಲವೂ ಎಡವಟ್ಟಾದರೆ ಮೀನಾಕ್ಷಿಯನ್ನು ತವರಿಗೆ ಅಟ್ಟಿ, ಈರಣ್ಣನಿಗೆ ಕೆಂಕೆರೆಯಿಂದ ತಮ್ಮ ಮೈದುನನ ಮಗಳನ್ನು ತರುವುದೆಂದು ಆಯಮ್ಮ ಆಗಲೇ ಮಾತಾಡಿಟ್ಟಿದ್ದರು. ಮೀನಾಕ್ಷಿಗೂ ಇದು ಗೊತ್ತಿತ್ತು.

“ಬಸುರಿ ಹೆಂಗ್ಸು ದಿನಾ ಬೆಳಗಾದ್ರೆ ಇಂಥದ್ರ ಮಖ ನೋಡ್ತಾವ್ಳೆ,” ಅಂದರು ಹೊಂಬಾಳಮ್ಮ. “ಜೋಡಿ ಬಾಳೆಹಣ್ಣೇ ತಿನ್ನಬಾರ್ದು ಅಂತಾರೆ, ಇದು ಮೂರು ಕೂಡ್ಕಂಡೈತೆ! ಹುಟ್ಟೋ ಮಗಾನೂ ಹಿಂಗೇ ಆಯ್ತದೆ. ಕಿತ್ತು ತಿಪ್ಪೆಗಾಕು ರಾಮಲಕ್ಷ್ಮಿ.”

“ಕೀಳಾಕಿಲ್ಲ ಅಕ್ಕಯ್ಯ,” ಅಂದೆ. “ಒಂಟಿ ಕಣ್ಣಿನ ತೆಂಗಿನಕಾಯಿ ಸಿಕ್ರೆ ನೀವೇ ತಂದು ದೇವ್ರ ಗೂಡಲ್ಲಿಟ್ಟು ಅರಿಸಿನ ಕುಂಕುಮ ಹಚ್ತೀರಿ. ಕಾಯಿಗೆ ಕಣ್ಣು ಕಮ್ಮಿ ಆದ್ರೆ ಲಕ್ಷ್ಮಿ, ಹಣ್ಣಿಗೊಂದು ಮೂಗು ಜಾಸ್ತಿ ಆದ್ರೆ ಮಾರಿನಾ? ಯಾವೂರ ನ್ಯಾಯ ಇದು?”

ಆಯಮ್ಮ ಮಾತಿನಲ್ಲಿ ಸೋತಾಗಲೆಲ್ಲ ಮಾಡುವುದನ್ನೇ ಮಾಡಿದರು. ಸೆರಗು ಬಾಯಿಗಿಟ್ಟುಕೊಂಡು, ಸತ್ತ ತಮ್ಮನನ್ನು ಹೆಸರು ಹಿಡಿದು ಕರೆದು ಅತ್ತರು.

ಮೀನಾಕ್ಷಿ ಮಾತ್ರ ಹೆದರಿಹೋಗಿದ್ದಳು. ಬಚ್ಚಲಿಗೆ ತಲೆ ತಗ್ಗಿಸಿ ಹೋಗಿ ತಲೆ ತಗ್ಗಿಸಿ ಬರುವಳು. ತಟ್ಟೆಗೆ ಹಾಕಿದ್ದನ್ನು ಕಲಸಿ ಹಾಗೇ ಬಿಡುವಳು. ನೋಡಿ ನೋಡಿ ನನ್ನ ಪಿತ್ತ ನೆತ್ತಿಗೇರಿತು. ಹಣ್ಣು ಕೆಂಪಗಾದ ದಿನ ಕಿತ್ತು ತಂದು, ಎಲ್ಲರ ಕಣ್ಣೆದುರೇ ಈಳಿಗೆಮಣೆಯ ಮುಂದೆ ಕೂತು ಹೆಚ್ಚಿದೆ. ಒಳಗೇನು ದೆವ್ವ ಕೂತಿತ್ತೇ? ಬೀಜವಿತ್ತು, ರಸವಿತ್ತು. ಹಸಿಮೆಣಸಿನಕಾಯಿ, ಕಾಯಿತುರಿ ಹಾಕಿ ಗೊಜ್ಜು ಮಾಡಿ, ಊಟಕ್ಕೆ ಕೂತಾಗ ಮೊದಲ ತುತ್ತು ನಾನೇ ತಿಂದೆ.

“ತಿನ್ನು ಅಂತ ನಾನು ಹೇಳಾಕಿಲ್ಲ ಕಣೇ ಮೀನಾಕ್ಷಿ,” ಅಂದೆ. “ಬೇಕಾದ್ರೆ ತಿನ್ನು, ಬ್ಯಾಡ್ದಿದ್ರೆ ಬುಡು. ಹೆದ್ರಿಕಂಡು ಮಾತ್ರ ಉಪಾಸ ಇರಬ್ಯಾಡ.”

ಅವಳು ಗಂಡನ ಮುಖ ನೋಡಿದಳು. ಈರಣ್ಣ ತಟ್ಟೆ ನೋಡುತ್ತಿದ್ದ. ಅವಳಿಗೆ ಏನನ್ನಿಸಿತೋ, ಗೊಜ್ಜಿನ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡು, ಮುದ್ದೆ ಮುರಿದು ಅದ್ದಿ ಅದ್ದಿ ತಿಂದಳು. ಬಟ್ಟಲು ಬರಿದಾಗುವತನಕ ತಿಂದಳು. ಹೊಂಬಾಳಮ್ಮ “ಶಿವಶಿವಾ” ಎಂದು ಅರ್ಧಕ್ಕೇ ಎದ್ದು ಹೋದರು.

ಹೆರಿಗೆ ನಮ್ಮ ಮನೆಯಲ್ಲೇ ಆಯಿತು, ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ. ಹೆಣ್ಣು ಮಗು. ಮನೆ ಹಾರಿಹೋಗುವ ಹಾಗೆ ಕಿರುಚಿತು. ಮಗುವನ್ನು ತೊಳೆದು ಬಟ್ಟೆಯಲ್ಲಿ ಸುತ್ತುತ್ತಿದ್ದ ಸೂಲಗಿತ್ತಿ ಹನುಮಕ್ಕ ತಟ್ಟನೆ ಕೈ ನಿಲ್ಲಿಸಿದಳು. ಎಡಗೈಯ ಕಿರುಬೆರಳಿಗೆ ಅಂಟಿಕೊಂಡು ಇನ್ನೊಂದು ಪುಟ್ಟ ಬೆರಳಿತ್ತು, ಉಗುರು ಸಮೇತ.

“ನೋಡ್ದಾ? ನಾನು ಬಡ್ಕಂಡೆ, ಯಾರಾದ್ರೂ ಕೇಳುದ್ರಾ?” ಬಾಗಿಲಲ್ಲಿ ನಿಂತಿದ್ದ ಹೊಂಬಾಳಮ್ಮ ಚಪ್ಪಾಳೆ ತಟ್ಟುವುದೊಂದು ಬಾಕಿ.

ನನ್ನ ಹಟಕ್ಕೆ ಈ ಹುಡುಗಿಯ ಬಾಳು ಹಾಳಾಯಿತೇ ಎಂಬ ಹೆದರಿಕೆ ನನಗೂ ಬಂತು, ಸುಳ್ಳು ಯಾಕೆ ಹೇಳಲಿ.

“ದಾರ ಬಿಗಿದು ಕಟ್ಟುದ್ರೆ ಒಣಗಿ ಉದುರೋಯ್ತದೆ ಕಣವ್ವ, ಯಾರ್ಗೂ ಗೊತ್ತಾಗಕಿಲ್ಲ,” ಎಂದು ಹನುಮಕ್ಕ ನನ್ನ ಕಿವಿಯಲ್ಲಿ ಹೇಳಿದಳು.

ಹೊಂಬಾಳಮ್ಮನ ಕಿವಿ ಚುರುಕು. “ಕಟ್ಟು ಕಟ್ಟು. ಇಲ್ದಿದ್ರೆ ನಾಳೆ ಇದ್ನ ಯಾವೋನು ಮದ್ವೆ ಆಯ್ತಾನೆ?”

ಆಗ ಚಾಪೆಯ ಮೇಲೆ ಸುಸ್ತಾಗಿ ಮಲಗಿದ್ದ ಮೀನಾಕ್ಷಿ ಮೊಣಕೈ ಊರಿ ಎದ್ದಳು.

“ಕೊಡಿಲ್ಲಿ ನನ್ನ ಮಗಾನ,” ಎಂದು ಹನುಮಕ್ಕನ ಕೈಯಿಂದ ಮಗುವನ್ನು ತೆಗೆದುಕೊಂಡಳು. ಸುತ್ತಿದ ಬಟ್ಟೆ ಬಿಚ್ಚಿ, ಆ ಎಡಗೈಯನ್ನು ಎಲ್ಲರಿಗೂ ಕಾಣುವ ಹಾಗೆ ಹೊರಗಿಟ್ಟಳು. “ದಾರ ಗೀರ ಏನೂ ಬ್ಯಾಡ. ಮದ್ವೆ ಮಾಡಾಕೆ ಹೆತ್ತಿಲ್ಲ ದೊಡ್ಡತ್ತೆ, ಸಾಕಾಕೆ ಹೆತ್ತಿದ್ದೀನಿ. ಹೋದ್ಸಲ ಎಲ್ಲಾ ಸರಿಯಾಗಿದ್ದ ಮಗ ಉಸಿರಾಡ್ಲಿಲ್ಲ. ಇದು ಉಸಿರಾಡ್ತೈತೆ. ಆ ಹಣ್ಣು ತಿಂದಿದ್ಕೇ ಇವಳು ಬಂದಿದ್ರೆ, ಇನ್ನೂ ಒಂದು ಬುಟ್ಟಿ ತಿಂತಿದ್ದೆ.”

ನನಗೆ ಅಳು ಬಂತು. ಅತ್ತೆ ಅನ್ನಿಸಿಕೊಂಡ ಮೇಲೆ ಸೊಸೆಯ ಮುಂದೆ ಅತ್ತದ್ದು ಅದೇ ಮೊದಲು.

“ಈರಣ್ಣಾ, ಬಾರ್ಲಾ ಇಲ್ಲಿ!” ಹೊಂಬಾಳಮ್ಮ ಕೊಟ್ಟಿಗೆಯ ಕಡೆಗೆ ಕೂಗಿದರು. “ನಿನ್ನ ಹೆಂಡ್ತಿ ಹೆತ್ತಿರೋದ್ನ ನೋಡು. ಕೆಂಕೆರೆಗೆ ಹೇಳಿಕಳಿಸ್ಲಾ, ಬ್ಯಾಡ್ವಾ?”

ಈರಣ್ಣ ಸಗಣಿ ಕೈಯಲ್ಲೇ ಓಡಿಬಂದು ಹೊಸ್ತಿಲಲ್ಲಿ ನಿಂತ. ಮಗುವಿನ ಕೈ ನೋಡಿದ. ಹೆಂಡತಿಯ ಮುಖ ನೋಡಿದ. ಮೀನಾಕ್ಷಿ ಕಣ್ಣು ತಗ್ಗಿಸಲಿಲ್ಲ, ಇರುವುದಾದರೆ ಇರು ಇಲ್ಲದಿದ್ದರೆ ಹೋಗು ಅನ್ನುವ ಹಾಗೆ ದಿಟ್ಟಿಸಿದಳು. ಅವನು ಹೊಂಬಾಳಮ್ಮನ ಕಡೆಗೆ ತಿರುಗಿದ.

“ಕೆಂಕೆರೆಯೋರಿಗೆ ಬೇರೆ ಗಂಡು ನೋಡ್ಕಳಾಕೆ ಹೇಳ್ಬುಡಿ ಅತ್ತೆ,” ಅಂದ. ಆಮೇಲೆ ಹೊಸ್ತಿಲು ದಾಟಿ ಬಂದು, ಮಗುವನ್ನು ಎತ್ತಿಕೊಳ್ಳಲು ಎರಡೂ ಕೈ ಚಾಚಿದ.

ಮೀನಾಕ್ಷಿ ಮಗುವನ್ನು ಎದೆಗೆ ಎಳೆದುಕೊಂಡಳು.

“ಮೊದ್ಲು ಕೈ ತೊಳ್ಕಂಡ್ ಬನ್ನಿ,” ಅಂದಳು.

ಈರಣ್ಣ ಕೈ ತೊಳೆಯಲು ಬಚ್ಚಲಿಗೆ ಹೋದ.