ಕೆಂಪು ಕ್ರೇಟಿಗೆ ಹೋಗದ ವಾಕ್ಯ

ಪುಣೆ ಹತ್ತಿರದ ರಾಂಜಣಗಾಂವದಲ್ಲಿ ರಘುರಾಮರ ಹೋಟೆಲು ಮಧ್ಯಾಹ್ನ ಮೂರು ಹೊಡೆಯುವ ಹೊತ್ತಿಗೆ ತಣ್ಣಗಾಗುತ್ತದೆ. ಊಟದವರು ಎದ್ದು ಹೋಗಿರುತ್ತಾರೆ, ಚಹಾದವರು ಇನ್ನೂ ಬಂದಿರುವುದಿಲ್ಲ. ಆ ಒಂದೂವರೆ ಗಂಟೆ, ಗಣಪತಿಯ ಪಟದ ಕೆಳಗಿನ ಮೂಲೆಯ ಮೇಜು ಶಾಲೆಯಾಗುತ್ತದೆ. ಕಲಿಸುವವರು ರಘುರಾಮರ ಹೆಂಡತಿ ಲೀಲಾಕ್ಷಿ. ಕುಂದಾಪುರದ ಕಡೆಯ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾಗಿ ಬಂದವರು. ಕಲಿಯುವವಳು ಸೋನಾಲಿ. ಹತ್ತಿರದ ಕಾರ್ಖಾನೆಯಲ್ಲಿ ಮೊದಲ ಪಾಳಿ ಮುಗಿಸಿ, ಕೈಗೆ ಹತ್ತಿದ ರಬ್ಬರಿನ ವಾಸನೆ ಹೋಗುವ ಹಾಗೆ ಎರಡು ಸಲ ತೊಳೆದುಕೊಂಡು ಬಂದು ಕೂರುತ್ತಾಳೆ.

ಆರು ವರ್ಷದಿಂದ ಅವಳು ಅಲ್ಲಿ ಗುತ್ತಿಗೆಯ ಕೆಲಸದವಳು. ಗಾಡಿಗಳಿಗೆ ಹಾಕುವ ರಬ್ಬರ್ ಸೀಲುಗಳನ್ನು ನೋಡಿ, ಒಳ್ಳೆಯದನ್ನು ನೀಲಿ ಕ್ರೇಟಿಗೆ, ಕೆಟ್ಟದ್ದನ್ನು ಕೆಂಪು ಕ್ರೇಟಿಗೆ ಹಾಕುವುದು ಅವಳ ಕೆಲಸ. ಇನ್‌ಸ್ಪೆಕ್ಟರ್ ಎಂದು ಕಾಯಂ ಆಗಬೇಕಾದರೆ ಒಂದು ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು. ಐವತ್ತು ವಾಕ್ಯ. ಒಂದೊಂದನ್ನೂ ಎ, ಬಿ, ಸಿ ಎಂದು ಮೂರು ತುಂಡು ಮಾಡಿ ಕೊಟ್ಟಿರುತ್ತಾರೆ. ತಪ್ಪಿರುವ ತುಂಡಿಗೆ ಗುರುತು ಹಾಕಬೇಕು. ತಪ್ಪೇ ಇಲ್ಲದಿದ್ದರೆ ಡಿ. ಮೂವತ್ತೈದು ಸರಿ ಬಂದರೆ ಪಾಸು. ಸೋನಾಲಿಗೆ ಒಮ್ಮೆ ಮೂವತ್ಮೂರು ಬಂದಿತ್ತು, ಇನ್ನೊಮ್ಮೆ ಮೂವತ್ತೊಂದು. ಮೂರು ಸಲಕ್ಕಿಂತ ಹೆಚ್ಚು ಕೂರಿಸುವುದಿಲ್ಲ. ಈ ಸಲವೂ ಆಗದಿದ್ದರೆ ದಸರೆಗೆ ಗುತ್ತಿಗೆ ಮುಗಿಯುತ್ತದೆ, ಮತ್ತೆ ಕರೆಯುವುದಿಲ್ಲ ಎಂದು ಆಫೀಸಿನಲ್ಲಿ ಮೆತ್ತಗೆ ಹೇಳಿ ಕಳಿಸಿದ್ದರು. ಪರೀಕ್ಷೆಗೆ ಇನ್ನು ಹನ್ನೆರಡು ದಿನವಿತ್ತು.

ಪಕ್ಕದ ಮೇಜಿನಲ್ಲಿ ಅವಳ ಮಾವ ಶಂಕ್ರೆಪ್ಪ ಕೂತಿರುತ್ತಿದ್ದರು. ಸೇಡಂ ಕಡೆಯಿಂದ ಪುಣೆಗೆ ಬಂದು ನಲವತ್ತು ವರ್ಷ ಗೋಡೆ ಕಟ್ಟುವ ಗೌಂಡಿ ಕೆಲಸ ಮಾಡಿದವರು. ಈಗ ಮೊಣಕಾಲು ಕೈಕೊಟ್ಟಿದೆ. ಸೊಸೆಯನ್ನು ಕರೆದುಕೊಂಡು ಹೋಗಲು ಬಂದೆ ಅನ್ನುತ್ತಾರೆ, ಬರುವುದು ಲೀಲಾಕ್ಷಿ ಕೊಡಿಸುವ ಚಹಾಕ್ಕೆ ಎಂದು ಸೋನಾಲಿ ನಗುತ್ತಾಳೆ. ಇಂಗ್ಲಿಷಿನ ಒಂದಕ್ಷರವೂ ಅವರಿಗೆ ಬಾರದು. ಆದರೆ ಕಲಿಸುವ ದನಿ ಕೇಳುತ್ತ ಕೂರುವುದೆಂದರೆ ಪುರಾಣ ಕೇಳಿದಷ್ಟೇ ಭಕ್ತಿ.

ಆ ದಿನ ಲೀಲಾಕ್ಷಿ ಹಿಂದಿನ ಒಂದು ತಿಂಗಳ ಅಭ್ಯಾಸದ ಹಾಳೆಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಒಂದೊಂದಾಗಿ ನೋಡಿದರು. ಈ ಹುಡುಗಿಗೆ ಬಾರದ್ದು ಯಾವುದು ಎನ್ನುವುದೇ ಅವರಿಗೆ ಸಿಕ್ಕುತ್ತಿರಲಿಲ್ಲ. 'ಈಚ್ ಆಫ್ ದಿ ವರ್ಕರ್ಸ್ ಹ್ಯಾವ್' ಎಂದಿದ್ದರೆ, ಒಬ್ಬೊಬ್ಬರ ಮಾತಾದ್ದರಿಂದ 'ಹ್ಯಾಸ್' ಬರಬೇಕು ಎಂದು ತಟ್ಟನೆ ಹಿಡಿಯುತ್ತಾಳೆ. ಕ್ರಿಯಾಪದವೇ ಇಲ್ಲದ ಅರ್ಧ ವಾಕ್ಯವನ್ನು ಹಿಡಿಯುತ್ತಾಳೆ. ನಡುವೆ ಕೂಡಿಸುವ ಪದವಿಲ್ಲದೆ ಎರಡು ವಾಕ್ಯ ಅಂಟಿಕೊಂಡಿದ್ದರೆ ಅದನ್ನೂ ಬಿಡಿಸುತ್ತಾಳೆ. ಹಾಗಿದ್ದೂ ಪ್ರತಿ ಹಾಳೆಯಲ್ಲಿ ಹದಿನಾರು, ಹದಿನೇಳು ಹೋಗುತ್ತಿವೆ. ಹೋದವುಗಳನ್ನಷ್ಟೇ ಪೆನ್ಸಿಲಿನಿಂದ ಸುತ್ತುತ್ತ ಬಂದಾಗ ಅವರ ಕೈ ನಿಂತಿತು. ಹೆಚ್ಚುಕಡಿಮೆ ಎಲ್ಲದಕ್ಕೂ ಉತ್ತರ ಡಿ. ಅಷ್ಟೂ ಹಾಳೆಗಳಲ್ಲಿ ಸೋನಾಲಿ ಒಂದು ಸಲವೂ ಡಿ ಹಾಕಿರಲಿಲ್ಲ.

ಒಂದು ವಾಕ್ಯದ ಮೇಲೆ ಬೆರಳಿಟ್ಟು ಓದಿಸಿದರು. ಕರೆಂಟು ಹೋದದ್ದರಿಂದ ಮೆಷಿನ್ ನಿಂತಿತು ಎನ್ನುವ ಸಾದಾ ವಾಕ್ಯ.

"ಇದರಲ್ಲಿ ನಿಂಗೆ ತಪ್ಪು ಎಂಥದ್ದು ಕಂಡದ್ದು?"

"ಏನೂ ಕಾಣಲಿಲ್ರಿ ಅಕ್ಕೋರ."

"ಮತ್ತೆ ಬಿ ಅಂತ ಯಾಕೆ ಹಾಕಿದ್ದು ಮಾರಾಯ್ತಿ?"

ಸೋನಾಲಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಒಂದಾರ ತಪ್ಪು ತೆಗೀಬೇಕಲ್ರಿ," ಅಂದಳು.

ಆಮೇಲೆ ಅವಳು ಹೇಳಿದ್ದು ಇಷ್ಟು. ಕೆಲಸಕ್ಕೆ ಸೇರಿದ ಮೊದಲ ವಾರ ಒಂದು ಕ್ರೇಟಿನಲ್ಲಿ ಕೆಟ್ಟ ಸೀಲು ಒಂದೂ ಸಿಗಲಿಲ್ಲ. ಕೆಟ್ಟವು ಎಷ್ಟು ಎಂದು ಬರೆಯುವ ಹಾಳೆಯಲ್ಲಿ ಸೊನ್ನೆ ಬರೆದಳು. ಸೂಪರ್‌ವೈಸರ್ ಅದನ್ನು ನೋಡಿ, ಕಣ್ಣು ಮುಚ್ಚಿ ಕೂತಿದ್ದೆಯಾ, ನಿನ್ನನ್ನು ಇಲ್ಲಿ ಕೂರಿಸಿದ್ದು ಯಾತಕ್ಕೆ ಎಂದು ಎಲ್ಲರೆದುರು ಮರಾಠಿಯಲ್ಲಿ ಬೈದ. ಸಾಲಿನಲ್ಲಿದ್ದ ಹಳೆಯ ಹೆಂಗಸರು ಆವತ್ತೇ ಅವಳಿಗೆ ದಾರಿ ಹೇಳಿಕೊಟ್ಟರು. ಏನೂ ಸಿಗದಿದ್ದರೂ ಕ್ರೇಟಿಗೆ ಒಂದರಂತೆ ಕೆಂಪಿಗೆ ಹಾಕಿಬಿಡು, ನೋಡಿದ್ದಾಳೆ ಎಂದು ಅವನಿಗೂ ಸಮಾಧಾನ, ನಿನಗೂ ನೆಮ್ಮದಿ. ಅಂದಿನಿಂದ ಸೊನ್ನೆ ಬರೆದಿಲ್ಲ. ಕೈಗೆ ಅದೇ ರೂಢಿಯಾಗಿದೆ.

"ಛಲೋ ಸೀಲು ಎಷ್ಟು ಕೆಂಪಿಗೆ ಹೋದವೋ, ದೇವರಿಗೇ ಗೊತ್ತು," ಅಂದು ಸೋನಾಲಿ ತಲೆ ತಗ್ಗಿಸಿದಳು.

ಲೀಲಾಕ್ಷಿಗೆ ನಗು ಬಂದಿತ್ತು, ಆ ಮುಖ ನೋಡಿ ನುಂಗಿಕೊಂಡರು. ಮಾತಾಡಿದ್ದು ಪಕ್ಕದ ಮೇಜಿನ ಶಂಕ್ರೆಪ್ಪ. ಅವರು ಯಾವ ಮಾತನ್ನೂ ಕಥೆಯ ಹಾಗೆ ದೂರದಿಂದ ಶುರು ಮಾಡುವವರು. ಚಹಾದ ಕಪ್ಪನ್ನು ಅತ್ತ ಸರಿಸಿ, ತಾವು ಹೊಸದಾಗಿ ಪುಣೆಗೆ ಬಂದ ಕಾಲಕ್ಕೆ ಹೋದರು. ಪಿಂಪ್ರಿ-ಚಿಂಚವಾಡದಲ್ಲಿ ಕಾರ್ಮಿಕರ ಕಾಲೊನಿ ಏಳುತ್ತಿತ್ತು. ಬಾಳಕೃಷ್ಣ ಎಂಬ ಹಿರಿಯ ಗೌಂಡಿಯ ಕೈಕೆಳಗೆ ಇವರು ಕೆಲಸಕ್ಕಿದ್ದರು. ಒಂದು ದಿನ ಆತ, ದಾರಕ್ಕೆ ಕಟ್ಟಿದ ಹಿತ್ತಾಳೆಯ ಗುಂಡನ್ನು ಇವರ ಕೈಗೆ ಕೊಟ್ಟು, ಆ ಗೋಡೆ ನೆಟ್ಟಗಿದೆಯಾ ನೋಡು ಎಂದು ಹೇಳಿ ಊಟಕ್ಕೆ ಹೋದ. ಗುಂಡು ಬಿಟ್ಟು ನೋಡಿದರೆ ಗೋಡೆ ನೆಟ್ಟಗಿದೆ. ಆದರೆ ದೊಡ್ಡ ಗೌಂಡಿ ಬಂದು ಏನು ಕಂಡಿತು ಎಂದು ಕೇಳಿದಾಗ, ಏನೂ ಇಲ್ಲ ಅನ್ನಲು ನಾಲಿಗೆ ಬರಲಿಲ್ಲ. ಮೇಲೆ ಒಂದು ಬೆರಳು ವಾಲಿದೆ ಅಂದುಬಿಟ್ಟರು. ಆತ ನಂಬಿದ. ಅಷ್ಟೆತ್ತರದ ಗೋಡೆ ಬಿಚ್ಚಿ, ತಿರುಗಿ ಕಟ್ಟಿದರು. ಎರಡನೆಯ ಸಲ ಕಟ್ಟಿದ್ದು ನಿಜವಾಗಿಯೇ ವಾಲಿತು.

"ಖಂಡೇನವಮಿಗೆ ಹತ್ಯಾರ ಪೂಜಿ ಮಾಡಿ ಆ ಗುಂಡಿಗೆ ಕುಂಕುಮ ಹಚ್ಚಾಗ ಆ ಗ್ವಾಡಿ ನೆನಪ ಆಗತದ ಯವ್ವಾ. ಗುಂಡು ಸರಿ ಅದ ಅಂತಿತ್ತು. ನಾನಽ ಕೇಳಲಿಲ್ಲ," ಅಂದರು. ಇಷ್ಟು ವರ್ಷ ಅವರು ಇದನ್ನು ಹೆಂಡತಿಗೂ ಹೇಳಿರಲಿಲ್ಲ.

ಒಳಗೆ ಯಾರೋ ಪಾತ್ರೆ ಜೋಡಿಸುವ ಸದ್ದು. ಲೀಲಾಕ್ಷಿ ಹಾಳೆಗಳನ್ನು ಒಟ್ಟು ಮಾಡಿ ಬದಿಗಿಟ್ಟು, ಇನ್ನು ಇಂಗ್ಲಿಷ್ ಪಾಠ ಬೇಡ, ನಾಳೆ ಕಾರ್ಖಾನೆಯ ಸಾಲಿನಲ್ಲಿ ಕೂತಾಗ ಹಾಳೆಯಲ್ಲಿ ನಿಜವಾಗಿ ಕಂಡದ್ದನ್ನು ಬರೆದು ಬಾ ಎಂದರು.

ಮರುದಿನ ಮೂರನೆಯ ಕ್ರೇಟು. ನೂರು ಸೀಲು. ಅಳತೆಯ ಗೇಜಿಗೆ ಹಾಕಿ ನೋಡಿದಳು, ಅಂಚಿನ ಸುತ್ತ ಬೆರಳಾಡಿಸಿದಳು. ಒಂದೂ ಕೆಟ್ಟಿರಲಿಲ್ಲ. ಕೈ ತಾನಾಗಿ ಒಂದನ್ನೆತ್ತಿ ಕೆಂಪು ಕ್ರೇಟಿನ ತನಕ ಹೋಯಿತು. ಅಲ್ಲಿಂದ ಅದನ್ನು ಮರಳಿ ತರಲು ಅವಳು ಗಣಪತಿಯನ್ನು ನೆನೆಯಬೇಕಾಯಿತು. ಹಾಳೆಯಲ್ಲಿ ಸೊನ್ನೆ ಬರೆದಳು. ಸೂಪರ್‌ವೈಸರ್ ಬಂದು ಸೊನ್ನೆ ನೋಡಿದ, ಅವಳ ಮುಖ ನೋಡಿದ. ತಪ್ಪು ಸಿಗಲಿಲ್ಲ ಸಾಹೇಬ್, ನೀವೇ ನೋಡಿ ಎಂದು ಅವಳು ಮರಾಠಿಯಲ್ಲಿ ಹೇಳಿದಳು. ಅವನು ಹತ್ತು ಸೀಲು ಆರಿಸಿ ಒಂದೊಂದಾಗಿ ಗೇಜಿಗೆ ಹಾಕಿದ. ಹತ್ತೂ ಸರಿ. ಸಹಿ ಹಾಕಿ ಮುಂದೆ ನಡೆದ. ಮುಂದಿನ ಕ್ರೇಟಿನಲ್ಲಿ ಸಣ್ಣಗೆ ಸೀಳಿದ ಎರಡು ಸೀಲು ಸಿಕ್ಕವು. ಅವೆರಡನ್ನು ಕೆಂಪಿಗೆ ಹಾಕುವಾಗ, ಆರು ವರ್ಷದಲ್ಲಿ ಮೊದಲ ಸಲ, ಅವಳ ಕೈ ಹಗುರವಾಗಿತ್ತು.

ಪರೀಕ್ಷೆ ಭಾನುವಾರ. ಬೆಳಿಗ್ಗೆ ಊರಿನ ಮಹಾಗಣಪತಿಯ ದರ್ಶನ ಮಾಡಿಕೊಂಡು ಹೋದಳು. ಇಪ್ಪತ್ತನೆಯ ವಾಕ್ಯದ ತನಕ ನೀರು ಹರಿದ ಹಾಗೆ ಹೋಯಿತು. ಇಪ್ಪತ್ತೊಂದರಲ್ಲಿ ತಪ್ಪು ಕಾಣಲಿಲ್ಲ, ಡಿ ಹಾಕಿದಳು. ಇಪ್ಪತ್ತೆರಡರಲ್ಲೂ ಕಾಣಲಿಲ್ಲ. ಇಪ್ಪತ್ಮೂರರಲ್ಲೂ ಕಾಣದಿದ್ದಾಗ ಪೆನ್ನು ಬಿ ಕಡೆಗೆ ಹೋಯಿತು. ಸಾಲಾಗಿ ಮೂರು ಸೊನ್ನೆ ಬರೆದಂತೆ, ಹಿಂದೆ ಯಾರೋ ಬಂದು ನಿಂತಂತೆ. ನಿಧಾನವಾಗಿ ತಿರುಗಿ ಓದಿದಳು. ಕರ್ತೃ ಇದ್ದಾನೆ, ಕ್ರಿಯಾಪದವಿದೆ, ಎರಡೂ ಒಂದಕ್ಕೊಂದು ಹೊಂದಿವೆ, ಕಾಲವೂ ಸರಿ. ಗೋಡೆಯ ಪಕ್ಕ ಅಲುಗದೆ ನಿಂತ ಗುಂಡು ಕಣ್ಣ ಮುಂದೆ ಬಂತು. ಡಿ ಹಾಕಿದಳು.

ಗುರುವಾರ ಕ್ಯಾಂಟೀನಿನ ಗೋಡೆಗೆ ಪಟ್ಟಿ ಅಂಟಿಸಿದರು. ಪಕ್ಕದಲ್ಲೇ ಸರಿ ಉತ್ತರಗಳ ಹಾಳೆ. ಸೋನಾಲಿಯ ಹೆಸರಿನ ಮುಂದೆ ನಲವತ್ನಾಲ್ಕು ಎಂದಿತ್ತು. ಅವಳು ಅಲ್ಲೇ ಬೆಂಚಿನ ಮೇಲೆ ಕೂತು ಒಂದು ಲೋಟ ನೀರನ್ನು ಪೂರ್ತಿ ಕುಡಿದಳು. ಹೋಟೆಲಿಗೆ ಬಂದು ಹೇಳಿದಾಗ ಲೀಲಾಕ್ಷಿ ಕಣ್ಣು ಒರೆಸಿಕೊಂಡು, ಗಣಪತಿಯ ಪಟದ ಮುಂದೆ ಊದುಬತ್ತಿ ಹಚ್ಚಿದರು. ಶಂಕ್ರೆಪ್ಪ ಅಂಕ ಕೇಳಲಿಲ್ಲ.

"ತಪ್ಪಿಲ್ಲದ್ದು ಎಷ್ಟಿದ್ವು ಯವ್ವಾ?"

"ಹನ್ನೊಂದು ಇದ್ವು ಮಾವಾ."

"ಎಲ್ಲಾ ಸರಿ ಅದಾವಂತ ಬಿಟ್ಟಿ?"

"ಹತ್ತು ಬಿಟ್ಟೆ. ಒಂದರಾಗ ಕೈ ಕೇಳಲಿಲ್ಲ."

ಮುದುಕರು ಹೊಟ್ಟೆ ಅಲುಗುವಂತೆ ನಕ್ಕರು. "ಆಗಲಿ ಬಿಡು, ನಂದೂ ಒಂದಽ ಗ್ವಾಡಿ," ಅಂದು, ಇನ್ನೂ ಬಿಸಿಯಿದ್ದ ತಮ್ಮ ಚಹಾವನ್ನು ಸೊಸೆಯ ಕಡೆಗೆ ಸರಿಸಿದರು.