ಗುಡಿಸಿದ ತೋಟ

ಬೆಳಿಗ್ಗೆ ತೋಟಕ್ಕೆ ಹೋದೊಡನೆ ಮಲ್ಲಿಕಾಂಬ ಬಲಿಯುವ ಮೊದಲೇ ಉದುರಿದ ತೆಂಗಿನ ಹರಳುಗಳನ್ನು, ಎಳೇ ಮಿಡಿಗಳನ್ನು, ಸೆರಗಿಗೆ ತುಂಬಿಕೊಳ್ಳುತ್ತಿದ್ದಳು. ಅತ್ತೆ ತೀರ್ಥಮ್ಮ ಬರುವುದರೊಳಗೆ ಅವನ್ನು ತಿಪ್ಪೆಯಲ್ಲಿ ಮುಚ್ಚಿಬಿಡಬೇಕು. "ಹಿಂಗೇ ಉದುರ್ತಿದ್ರೆ ಮರ ಕಡಿಸ್ಬಿಡ್ತೀನಿ" ಎಂದು ಗಂಡ ಕಲ್ಲೇಶಪ್ಪ ಆಗಲೇ ಹೇಳಿದ್ದ. ಮದುವೆಯಾಗಿ ಬಂದ ಹೊಸದರಲ್ಲಿ ಅವಳೇ ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಮರಗಳು ಅವು.

ಯಗಟಿ ಊರಿನಲ್ಲಿ ಅವಳ ತೋಟಕ್ಕೆ ಹೆಸರಿತ್ತು. ಬಿದ್ದ ಗರಿ, ಸಿಪ್ಪೆ, ಕಳೆ ಎಲ್ಲವನ್ನೂ ಗುಡಿಸಿ, ಸುಟ್ಟು, ನೆಲವನ್ನು ಅಂಗಳದಂತೆ ಇಡುತ್ತಿದ್ದಳು. ಇಷ್ಟು ಮಾಡಿಯೂ ಕಾಯಿ ನಿಲ್ಲದಿದ್ದರೆ ತನ್ನಲ್ಲೇ ಏನೋ ಕೊರತೆ ಇರಬೇಕು ಎಂದು ಒಳಗೊಳಗೇ ಕುಗ್ಗುತ್ತಿದ್ದಳು.

ಒಂದು ದಿನ ತೋಟದಲ್ಲೇ ಶಿರೀನ್ ತಾಜ್ ಎದುರಾದಳು. ಒಂದೇ ಸ್ವಸಹಾಯ ಸಂಘದ ಗೆಳತಿ; ಊರಿನ ರೈತರಿಗೆ ಬೇಸಾಯದ ಸಲಹೆ ಕೊಡುವ ಕೃಷಿ ಸಖಿಯಾಗಿ ತರಬೇತಿ ಪಡೆದವಳು.

"ಏನೇ ಅದು ಸೆರಗಲ್ಲಿ? ನಂಗೂ ಕೊಡದಂಗೆ ಒಬ್ಳೇ ತಿಂತೀಯಾ?"

ಮಲ್ಲಿಕಾಂಬಳ ಕಣ್ಣು ತುಂಬಿತು. ಸೆರಗು ಬಿಚ್ಚಿ ತೋರಿಸಿದಳು.

ಶಿರೀನ್ ಕುಡುಗೋಲಿನ ತುದಿಯಿಂದ ನೆಲ ಕುಟ್ಟಿದಳು. ಟಣ್ ಎಂದಿತು.

"ಇಲ್ಲಿ ರಾಗಿ ಒಕ್ಕಬೌದು, ಮಾರಾಯ್ತಿ! ಮರದ ಊಟನೆಲ್ಲ ನೀನು ಸುಡ್ತಿದ್ದೀಯ. ಬರಿಮೈ ನೆಲ ಬಿಸ್ಲಿಗೆ ಕಾದ್ರೆ ಎರೆಹುಳ ಉಳೀತಾವಾ? ಮಳೆ ನೀರು ಒಳಗಿಳೀತದಾ?"

"ಕಸ ಹಂಗೇ ಬಿಡ್ಲಾ? ಹಾವು ಸೇರ್ಕೊಂಡ್ರೆ? ಸುಳಿ ಕೊರೆಯೋ ದುಂಬಿ ಬಂದ್ರೆ?"

"ಗುಡ್ಡೆ ಹಾಕಿ ಕೊಳೆಸಿದ್ರೆ ಬತ್ತವೆ. ತೆಳ್ಳಗೆ ಹರಡು. ಓಡಾಡೋ ದಾರಿ ಗುಡಿಸ್ಕೋ, ಯಾರು ಬ್ಯಾಡಾಂದ್ರು? ಮಳೆ ಬಿದ್ದ ಮೇಲೆ ಸಾಲಿನ ನಡುವೆ ಹಸಿರು ಗೊಬ್ಬರಕ್ಕೆ ಅಪ್ಸೆಣಬು, ಹುರುಳಿ ಬೀಜ ಚೆಲ್ಲು. ಹೂ ಬಿಟ್ಟಾಗ ಕೊಯ್ದು ಅಲ್ಲೇ ಮಲಗಿಸು. ಬೇಸಿಗೇಲಿ ಕುರಿ ಮಂದೆ ಕೂರಿಸು, ಹಿಕ್ಕೆ ಗೊಬ್ಬರ ಬೀಳ್ತದೆ."

"ಬರೋ ವರ್ಷ ಕಾಯಿ ನಿಲ್ತದೇನೇ?"

"ಸುಳ್ಳು ಹೇಳಲ್ಲ ಕಣೇ. ಕೆಟ್ಟ ನೆಲ ಚೇತರಿಸ್ಕೊಳೋಕೆ ಒಂದೆರಡು ವರ್ಷನಾದ್ರೂ ಬೇಕು. ಮಣ್ಣು ಪರೀಕ್ಷೆನೂ ಮಾಡ್ಸು."

ಮಲ್ಲಿಕಾಂಬ ಕೇಳಿದ್ದಕ್ಕೆ ಕಲ್ಲೇಶಪ್ಪ ಎರಡು ಸಾಲು ಮಾತ್ರ ಬಿಟ್ಟುಕೊಟ್ಟ. ಅಲ್ಲಿ ಅವಳು ಗರಿ ಹರಡಿದಳು; ಮಳೆ ಬಿದ್ದ ಮೇಲೆ ಚೆಲ್ಲಿದ ಬೀಜ ಹಸಿರಾಗಿ ಎದ್ದಿತು. ತೀರ್ಥಮ್ಮ ನೋಡಿ, "ಗುಡಿಸೋ ಹೆಂಗಸೇ ಇಲ್ಲದ ತೋಟ ಆಗೋಯ್ತಲ್ಲೇ!" ಎಂದರು. ಆ ಮಾತು ಮಲ್ಲಿಕಾಂಬಳನ್ನು ಇರಿಯಿತು. ಒಂದು ಸಂಜೆ ಬೆಂಕಿಪೊಟ್ಟಣ ಹಿಡಿದು ಗರಿಗಳ ಮುಂದೆ ನಿಂತೂಬಿಟ್ಟಿದ್ದಳು. ಶಿರೀನ್ ಹೇಳಿದ್ದು ತಪ್ಪಾದರೆ? ಮರಗಳೂ ಹೋಗಿ, ಹೆಸರೂ ಹೋದರೆ? ಕಡ್ಡಿ ಗೀರಲು ಮಾತ್ರ ಕೈ ಬರಲಿಲ್ಲ.

ಆಮೇಲೊಂದು ಮಧ್ಯಾಹ್ನ ಜಡಿಮಳೆ. ನಿಂತ ಮೇಲೆ ಅತ್ತೆ, ಗಂಡ, ಮಲ್ಲಿಕಾಂಬ ಮೂವರೂ ತೋಟಕ್ಕೆ ಹೋದರು. ಗುಡಿಸಿದ ಕಡೆಯಿಂದ ಕೆಂಪು ನೀರು ಮಣ್ಣು ಹೊತ್ತು ಹಳ್ಳಕ್ಕೆ ಓಡುತ್ತಿತ್ತು. ಆ ಎರಡು ಸಾಲಿನಲ್ಲಿ ನೀರೇ ಕಾಣಲಿಲ್ಲ. ತೀರ್ಥಮ್ಮನ ಬರಿಗಾಲಿನ ಹಿಮ್ಮಡಿ ಮೆತ್ತಗೆ ಹೂತುಕೊಂಡಿತು.

"ಎಲ್ಲೋಯ್ತೇ ನೀರು?" ಎಂದರು ಅತ್ತೆ.

ಮಲ್ಲಿಕಾಂಬ ಗರಿಯೊಂದನ್ನು ಎತ್ತಿದಳು. ಎರೆಹುಳಗಳು ಮಿಸುಕಾಡಿದವು. ಕಲ್ಲೇಶಪ್ಪ ಬೆರಳು ಊರಿ ನೋಡಿದ. ಒಳಗೂ ತೇವ.

"ಆ ಕಡೆ ಸಾಲುಗಳಿಗೂ ಹರಡಾಣ" ಎಂದ, ಕೈ ಒರೆಸಿಕೊಳ್ಳುತ್ತ. "ಮರ ಇರ್ಲಿ."

ಮರುದಿನ ಬೆಳಿಗ್ಗೆಯೂ ಹರಳು ಉದುರಿದ್ದವು. ಮಲ್ಲಿಕಾಂಬಳ ಕೈ ಅಭ್ಯಾಸದಂತೆ ಸೆರಗಿಗೆ ಹೋಯಿತು. ಹಿಂದೆ ತೀರ್ಥಮ್ಮ ನಿಂತಿದ್ದರು.

"ಯಾರಿಂದ ಬಚ್ಚಿಡ್ತೀಯೇ? ತಿಪ್ಪೇಲಿ ದಿನಾ ನೋಡ್ತಿದ್ದೆ. ನೀನು ನೊಂದ್ಕೊಂತೀಯಾಂತ ಸುಮ್ನಿದ್ದೆ. ಬುಟ್ಟಿ ತಾ, ಇಬ್ರೂ ಆರಿಸಾಣ."

ಕಡೂರು, ತರೀಕೆರೆ, ಅಜ್ಜಂಪುರದ ಅಕ್ಕಂದಿರೇ, ನಾಳೆ ನಿಮ್ಮ ತೋಟದ ನೆಲವನ್ನೂ ಒಮ್ಮೆ ಕುಟ್ಟಿ ನೋಡಿ. ಟಣ್ ಎಂದರೆ ತಪ್ಪು ನಿಮ್ಮದೆಂದು ಒಬ್ಬರೇ ಕೊರಗಬೇಡಿ. ಪಕ್ಕದವರನ್ನು ಕರೆದು ತೋರಿಸಿ. ಬೆಂಕಿ ಹಾಕುವುದನ್ನು ಮಾತ್ರ ಇಂದೇ ನಿಲ್ಲಿಸಿ. ಮೊದಲು ಎರಡೇ ಸಾಲಾದರೂ ಸರಿ, ನೆಲಕ್ಕೆ ಗರಿ ಹೊದಿಸಿ.